ಒಂದೊಂದೇ ವಾಲ್ವ್ ಹಾಕಿ ಕಟ್ಟಿದ ನನ್ನ ಮೊದಲ ಗಿಟಾರ್ ಆಂಪ್

ನಾನು ಕಟ್ಟಿದ ಐದು ವಾಟ್‌ನ ಆಂಪ್ ಎರಡು ತಿಂಗಳಿಂದ ದಿನವೂ ಹಾಡುತ್ತಿದೆ. ವಾಲ್ಯೂಮ್ ಸೊನ್ನೆಯಲ್ಲಿದ್ದರೆ, ಸ್ಪೀಕರಿಗೆ ಕಿವಿ ಹಚ್ಚಿದಾಗ ಮಾತ್ರ ಗುಂಯ್ ಎನ್ನುವುದು ಕೇಳುತ್ತದೆ. ಮೊದಲ ಕಿಟ್‌ನಲ್ಲಿ ಇಷ್ಟು ಮೌನ ಸಾಧಿಸಿದವರನ್ನು ನಾನು ಹೆಚ್ಚು ಕಂಡಿಲ್ಲ. ಫೆಂಡರ್ ಕಂಪನಿಯ ಹಳೆಯ ಪುಟ್ಟ ಆಂಪ್, ಚಾಂಪ್ 5ಎಫ್1ರ ಸರ್ಕ್ಯೂಟ್ ಇದು. ಒಳಗೆ ಮೂರು ವಾಲ್ವ್, ಅಂದರೆ ಟ್ರಾನ್ಸಿಸ್ಟರಿಗೂ ಹಿಂದಿನ ಕಾಲದ ಗಾಜಿನ ನಿರ್ವಾತ ಕೊಳವೆಗಳು. ಗಿಟಾರಿನ ಕ್ಷೀಣ ಸಂಕೇತವನ್ನು ಮೊದಲು ಹಿಗ್ಗಿಸುವ ಪ್ರಿಆಂಪಿಗೆ ಒಂದು 12ಎಎಕ್ಸ್7, ಸ್ಪೀಕರ್ ನಡೆಸುವ ಔಟ್‌ಪುಟ್ಟಿಗೆ ಒಂದು 6ವಿ6, ಎಸಿಯನ್ನು ಡಿಸಿಯಾಗಿಸುವ ಪವರ್ ಸಪ್ಲೈಗೆ ಒಂದು 5ವೈ3. ಎಲ್ಲವನ್ನೂ ಬೆಸೆದು ಒಮ್ಮೆಲೇ ಕರೆಂಟ್ ಕೊಡುವ ಬದಲು ಪವರ್ ಸಪ್ಲೈ, ಔಟ್‌ಪುಟ್, ಪ್ರಿಆಂಪ್ ಎಂದು ಒಂದೊಂದನ್ನೇ ಕಟ್ಟಿ, ಅಳೆದು ಮುಂದುವರಿಯುತ್ತೇನೆ ಎಂದಾಗ ಅನುಭವಿ ಗೆಳೆಯರಿಬ್ಬರು ಬೇಡವೆಂದರು.

ಅವರ ಆಕ್ಷೇಪದಲ್ಲಿ ಹುರುಳಿತ್ತು. ಎರಡೂ ಬದಿ 325 ವೋಲ್ಟ್ ಎಸಿ ಕೊಡುವ (325-0-325) ಟ್ರಾನ್ಸ್‌ಫಾರ್ಮರಿಗೆ 5ವೈ3 ಒಂದನ್ನೇ ಸಿಕ್ಕಿಸಿದರೆ, ಕರೆಂಟ್ ಎಳೆಯುವ ವಾಲ್ವ್ ಇಲ್ಲದೆ ವೋಲ್ಟೇಜ್ ಆ ಎಸಿಯ ತುತ್ತತುದಿಯಾದ 460ರ ಹತ್ತಿರ ಏರುತ್ತದೆ. ಕಿಟ್‌ನ ಡಿಸಿಯ ಏರಿಳಿತ ಸಪಾಟು ಮಾಡುವ ಫಿಲ್ಟರ್ ಕೆಪಾಸಿಟರುಗಳು ತಾಳುವುದು 450. ನಾನು 6ವಿ6ರ ಕೆಲಸವನ್ನು ಒಂದು ರೆಸಿಸ್ಟರಿಗೆ ವಹಿಸಿದೆ. 8.2 ಕಿಲೋಓಮ್ ಎಂಬ ಲೆಕ್ಕ ಸರಿಯಾಗಿತ್ತು. ಕೈಗೆ ಸಿಕ್ಕಿದ 5 ವಾಟ್‌ನದನ್ನು ಹಾಕಿದ್ದು ತಪ್ಪಾಯಿತು. ಅಲ್ಲಿ ಸುಮಾರು 15 ವಾಟ್ ಬೀಳುತ್ತದೆ. ಅರ್ಧ ನಿಮಿಷದಲ್ಲಿ ಹೊಗೆಯೆದ್ದಿತು. ತಕ್ಷಣ ಸ್ವಿಚ್ ಆರಿಸಿದ್ದರಿಂದ ಕೆಪಾಸಿಟರುಗಳು ಉಳಿದುಕೊಂಡವು. 25 ವಾಟ್‌ನ ವೈರ್‌ವೌಂಡ್ ಹಾಕಿದ ಮೇಲೆ ಮೀಟರ್ 350ರ ಆಸುಪಾಸಿನಲ್ಲಿ ನಿಂತಿತು. ಆ ರೆಸಿಸ್ಟರನ್ನು ಹೋದ ವಾರ ಅದೇ ಗೆಳೆಯರಲ್ಲೊಬ್ಬರು ಎರವಲು ಒಯ್ದಿದ್ದಾರೆ.

ಔಟ್‌ಪುಟ್ ಹಂತ ಬೇಗ ಮುಗಿಯಿತು. ವಾಲ್ವಿನಲ್ಲಿ ಎಷ್ಟು ಕರೆಂಟ್ ಹರಿಯಬೇಕೆಂದು ನಿರ್ಧರಿಸುವ 470 ಓಮ್ ಕ್ಯಾಥೋಡ್ ರೆಸಿಸ್ಟರಿನಲ್ಲಿ 6ವಿ6 ಸುಮಾರು 14 ವಾಟ್ ಕುಡಿಯುತ್ತಿತ್ತು. ಹಳೆಯ ಕೈಪಿಡಿಗಳ ಮಿತಿ 12. ರೆಸಿಸ್ಟರನ್ನು 680 ಓಮಿಗೆ ಏರಿಸಿದೆ. ಸದ್ದಿನಲ್ಲಿ ನನಗೇನೂ ನಷ್ಟ ಕಾಣಲಿಲ್ಲ.

ಪ್ರಿಆಂಪ್ ಮಾತ್ರ ನಾಲ್ಕು ರಾತ್ರಿ ನುಂಗಿತು. ಗಿಟಾರ್ ತಗಡು ಬಡಿದಂತೆ ತೆಳ್ಳಗೆ ಕೇಳುತ್ತಿತ್ತು. 12ಎಎಕ್ಸ್7ರ ಪ್ಲೇಟಿನಲ್ಲಿ (ಹಿಗ್ಗಿದ ಸಂಕೇತ ಹೊರಬರುವ ತುದಿ) 150 ವೋಲ್ಟಿನಷ್ಟು ಇರಬೇಕಾದದ್ದು 50ನ್ನೂ ಮುಟ್ಟುತ್ತಿರಲಿಲ್ಲ. ವಾಲ್ವ್ ಬದಲಿಸಿದೆ, ಸಾಕೆಟ್ ಮತ್ತೆ ಬೆಸೆದೆ. ಕೊನೆಗೆ ಹಗಲು ಬೆಳಕಿನಲ್ಲಿ ಬೋರ್ಡನ್ನು ಕಿಟಕಿಗೆ ಹಿಡಿದು ನೋಡಿದೆ. ಎಷ್ಟು ಓಮ್ ಎಂದು ಹೇಳುವ ಬಣ್ಣದ ಪಟ್ಟಿಗಳು ನೀಲಿ ಮೈಯ ರೆಸಿಸ್ಟರಿನ ಮೇಲೆ ಕೆಂಪು, ಕೆಂಪು, ಕಪ್ಪು, ಆಮೇಲೊಂದು ಕಿತ್ತಳೆ. ರಾತ್ರಿಯ ಹಳದಿ ದೀಪದಲ್ಲಿ ಅದನ್ನೂ ಕೆಂಪೆಂದು ಓದಿದ್ದೆ. ಪ್ರಿಆಂಪಿಗೆ ಹೋಗುವ 22 ಕಿಲೋಓಮ್ ಜಾಗದಲ್ಲಿ 220 ಕೂತಿತ್ತು, 6ವಿ6ರ ಗ್ರಿಡ್ಡಿನ (ಸಂಕೇತ ಒಳಹೋಗುವ ತುದಿ) 220ರ ಜಾಗದಲ್ಲಿ 22 ಇತ್ತು. ಪವರ್ ಸಪ್ಲೈ ಅಳೆದಾಗಲೇ ಇದು ಸಿಗಲಿಲ್ಲವೇಕೆ ಎಂದು ಕೇಳಬಹುದು. ಆಗ ಪ್ರಿಆಂಪಿನ ವಾಲ್ವ್ ಇನ್ನೂ ಇರಲಿಲ್ಲ. ಕರೆಂಟ್ ಹರಿಯದ ಕಡೆ ರೆಸಿಸ್ಟರ್ ಎಷ್ಟಿದ್ದರೂ ಎರಡೂ ತುದಿಯಲ್ಲಿ ಒಂದೇ ವೋಲ್ಟೇಜ್ ಕಾಣುತ್ತದೆ. ಈಗ ಪ್ರತಿಯೊಂದನ್ನೂ ಬೆಸೆಯುವ ಮೊದಲೇ ಮೀಟರಿನಲ್ಲಿ ಅಳೆಯುತ್ತೇನೆ.

ಅದನ್ನು ಸರಿಪಡಿಸಿದ ಕೂಡಲೇ ಆಂಪ್ ಕಿರುಚಿಕೊಂಡಿತು. ಔಟ್‌ಪುಟ್ಟಿನ ಸಂಕೇತವನ್ನು ತುಸು ಹಿಂದಕ್ಕೆ ತಂದು ಗೇನ್ (ಹಿಗ್ಗಿಸುವ ಪ್ರಮಾಣ) ತಗ್ಗಿಸುವ ಫೀಡ್‌ಬ್ಯಾಕ್ ತಂತಿ, ದಿಕ್ಕು ತಿರುಗುಮುರುಗಾಗಿ ಅದನ್ನು ಹೆಚ್ಚಿಸುತ್ತಿತ್ತು. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿ (ವಾಲ್ವ್ ಕಡೆಯ) ತಂತಿಗಳನ್ನು ಅದಲುಬದಲು ಮಾಡಿದೆ, ಶಾಂತವಾಯಿತು. ಗುಂಯ್ ಸದ್ದು ಅಡಗಿದ್ದು ವಾಲ್ವ್‌ಗಳನ್ನು ಕಾಯಿಸುವ ಹೀಟರ್ ತಂತಿಗಳನ್ನು ಸಾಕೆಟ್ಟಿನ ಸುತ್ತ ಹಾಯಿಸಿದ ರೀತಿಯಿಂದ. ಹತ್ತಾರು ಬಾರಿ ಬಿಚ್ಚಿ ಕಟ್ಟಿ ಕಂಡುಕೊಂಡದ್ದು ಅದು, ಸದ್ಯಕ್ಕೆ ನನ್ನಲ್ಲೇ ಇರಲಿ.

ಹಣದ ಮಾತು. ಹಂತದಿಂದ ಹಂತಕ್ಕೆ ಸಂಕೇತ ದಾಟಿಸುವ ದುಬಾರಿ ಕಪ್ಲಿಂಗ್ ಕೆಪಾಸಿಟರುಗಳಿಗೆ ಕಿಟ್‌ನ ಬೆಲೆಯ ಆರನೇ ಒಂದು ಪಾಲು ಸುರಿದೆ. ಕಣ್ಣು ಮುಚ್ಚಿ ಕೇಳಿದಾಗ ನನಗಾಗಲಿ ಗೆಳೆಯರಿಗಾಗಲಿ ವ್ಯತ್ಯಾಸ ಗೊತ್ತಾಗಲಿಲ್ಲ. ಅದಕ್ಕಿಂತ ತುಸು ಹೆಚ್ಚು ಕೊಟ್ಟು ಎಂಟು ಇಂಚಿನ ಸ್ಪೀಕರಿನ ಬದಲು ಹನ್ನೆರಡರದನ್ನು ಜೋಡಿಸಿದೆ. ಗಿಟಾರಿನ ಮಂದ್ರದ ಎರಡು ತಂತಿಗಳ ಸ್ವರಕ್ಕೆ ಎದೆ ಬಂತು.

ನಡುವೆ 12ಎಎಕ್ಸ್7ರ ಬದಲು 12ಎವೈ7 ವಾಲ್ವ್ ಹಾಕಿಯೂ ನೋಡಿದೆ. ಗೇನ್ ಅರ್ಧಕ್ಕಿಂತ ಕಡಿಮೆ, ಸ್ವಚ್ಛ ನುಡಿಸಾಣಿಕೆಗೆ ಚೆನ್ನ. ಈಗ ಫೀಡ್‌ಬ್ಯಾಕ್ ತಂತಿಗೆ ಒಂದು ಸಣ್ಣ ಸ್ವಿಚ್ ಇಟ್ಟಿದ್ದೇನೆ. ಅದರಿಂದ ಆ ಸಂಪರ್ಕ ಕಡಿದಾಗ ವಾಲ್ಯೂಮ್ ಆರರಲ್ಲೇ ಸ್ವರದ ಅಂಚು ಒಡೆಯತೊಡಗುತ್ತದೆ. ಬೆರಳು ಹಗುರ ಮಾಡಿದರೆ ಮತ್ತೆ ತಿಳಿಯಾಗುತ್ತದೆ.