ರಿಟೈನರ್ ಎಲ್ಲಿ ಬಿರುಕು ಬಿಟ್ಟಿದೆ ನೋಡಿ, ಯಾಕೆಂದು ಅದೇ ಹೇಳುತ್ತದೆ

ಎರಡು ವರ್ಷ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡು, ಕೊನೆಗೆ ಅದನ್ನು ಬಿಚ್ಚಿದ ದಿನ ಡಾಕ್ಟರು ಕೈಗೊಂದು ಪುಟ್ಟ ಡಬ್ಬಿ ಕೊಡುತ್ತಾರೆ. ಅದರಲ್ಲಿರುವುದು ರಿಟೈನರ್, ನೆಟ್ಟಗಾದ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ಸಾಧನ. ಅರ್ಧ ಚಿಕಿತ್ಸೆ ಇನ್ನೂ ಆ ಡಬ್ಬಿಯಲ್ಲೇ ಇದೆ. ಹಲ್ಲನ್ನು ಎಲುಬಿಗೆ ಕಟ್ಟಿಹಿಡಿದ ನಾರುಗಳು ಹೊಸ ಜಾಗಕ್ಕೆ ಒಗ್ಗಲು ಮೂರ್ನಾಲ್ಕು ತಿಂಗಳು ಬೇಕು. ಒಸಡಿನೊಳಗಿನ ರಬ್ಬರಿನಂಥ ನಾರುಗಳಿಗೆ ಕೆಲವೊಮ್ಮೆ ಒಂದು ವರ್ಷವೂ ಸಾಲದು. ಅದಾದ ಮೇಲೂ, ವಯಸ್ಸಾದಂತೆ ಕೆಳಗಿನ ಬಾಚಿಹಲ್ಲುಗಳು ಒತ್ತೊತ್ತಾಗುವುದು ಕ್ಲಿಪ್ ಹಾಕಿಸದವರಲ್ಲೂ ಇದ್ದದ್ದೇ. ಹಾಗಾಗಿ ಹಲ್ಲು ಎಷ್ಟು ಕಾಲ ನೆಟ್ಟಗಿರಬೇಕೋ ಅಷ್ಟು ಕಾಲ ರಿಟೈನರ್ ಬೇಕು. ಆದರೆ ಒಂದೇ ರಿಟೈನರ್ ಅಷ್ಟು ದಿನ ಬಾಳುವುದಿಲ್ಲ. ಚಪ್ಪಲಿಯ ಹಾಗೆ ಇದೂ ಸವೆಯುವ ವಸ್ತು, ಮತ್ತು ಸವೆತದ ಗುರುತು ಮುರಿಯುವುದಕ್ಕೆ ಬಹಳ ಮೊದಲೇ ಕಾಣುತ್ತದೆ.

ಬಾಳಿಕೆಯ ಲೆಕ್ಕ ಸ್ಥೂಲವಾಗಿ ಹೀಗೆ. ಸುಮಾರು 1 ಮಿ.ಮೀ. ದಪ್ಪದ ಹಾಳೆಯಿಂದ ಮಾಡುವ ಪಾರದರ್ಶಕ ರಿಟೈನರ್ ರಾತ್ರಿ ಮಾತ್ರ ಹಾಕಿದರೆ ಒಂದೆರಡು ವರ್ಷ ಬರುತ್ತದೆ. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಆರು ತಿಂಗಳು ಬಂದರೆ ಹೆಚ್ಚು. ಅಂಗುಳಕ್ಕೆ ಕೂರುವ ಅಕ್ರಿಲಿಕ್ ತಟ್ಟೆ, ಮುಂದೆ ತಂತಿ ಇರುವ ಹಾಲೀ ರಿಟೈನರ್ ಐದು ವರ್ಷ ದಾಟುವುದು ಸಾಮಾನ್ಯ. ಹಲ್ಲಿನ ಹಿಂಬದಿಗೆ ಅಂಟಿಸಿದ ತಂತಿ ಹತ್ತು ವರ್ಷವೂ ಇರಬಹುದು, ಆದರೆ ಅದರ ಅಂಟು ಬಿಡುವುದು ಹೆಚ್ಚಾಗಿ ಮೊದಲ ಆರು ತಿಂಗಳಲ್ಲೇ.

ಪಾರದರ್ಶಕ ರಿಟೈನರ್

ಇದನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ. ಕೋರೆಹಲ್ಲಿನ ಹಿಂದೆ ಕೂದಲೆಳೆಯಂಥ ಬಿರುಕು ಕಂಡರೆ, ದಿನಾ ಒಂದೇ ಕಡೆಯಿಂದ ಕಿತ್ತು ತೆಗೆಯುತ್ತಿದ್ದೀರಿ ಎಂದರ್ಥ. ಒಂದು ಪಕ್ಕ ಮೇಲೆದ್ದು ಇನ್ನೊಂದು ಪಕ್ಕ ಕಚ್ಚಿಕೊಂಡೇ ಇರುವುದರಿಂದ ಪ್ಲಾಸ್ಟಿಕ್ಕು ಅಲ್ಲಿ ತಿರುಚುತ್ತದೆ. ದವಡೆಹಲ್ಲಿನ ಮೊನೆ ಕೂರುವ ಜಾಗದಲ್ಲಿ ತೂತು ಅಥವಾ ಮಬ್ಬಾದ ತೆಳು ಮಚ್ಚೆ ಇದ್ದರೆ ಹಲ್ಲು ಕಡಿಯುವ ಅಭ್ಯಾಸವಿದೆ. ಇನ್ನೊಂದು ಅಂಥದ್ದೇ ಮಾಡಿಸಿ ಪ್ರಯೋಜನವಿಲ್ಲ, ಕಡಿತದಿಂದ ಹಲ್ಲನ್ನು ಕಾಯಲು ರಾತ್ರಿ ಹಾಕುವ ದಪ್ಪನೆಯ ನೈಟ್‌ಗಾರ್ಡ್ ಬಗ್ಗೆ ಕೇಳಿ. ಮುಂದಿನ ಅಂಚು ಚೂರುಚೂರಾಗಿದ್ದರೆ ನಾಲಿಗೆಯಿಂದ ಎತ್ತಿ ಹಾಕಿ ಆಟವಾಡುತ್ತಿದ್ದೀರಿ, ಇಲ್ಲವೇ ಬೆರಳಲ್ಲಿ ಸರಿಯಾಗಿ ಕೂರಿಸದೆ ಹಲ್ಲಿಂದ ಕಚ್ಚಿ ಕೂರಿಸುತ್ತಿದ್ದೀರಿ.

ಎಲ್ಲೂ ಬಿರುಕಿಲ್ಲ, ಆದರೂ ಸಡಿಲ ಎಂದರೆ ಕಾರಣ ಹೆಚ್ಚಾಗಿ ಬಿಸಿ. ಬಹುತೇಕ ಈ ಹಾಳೆಗಳು ಪಿಇಟಿಜಿ ಪ್ಲಾಸ್ಟಿಕ್ಕಿನವು. 80 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಮೆತ್ತಗಾಗುತ್ತವೆ, ಅದಕ್ಕೂ ಮೊದಲೇ ಆಕಾರ ಬಿಡಲು ಶುರುಮಾಡುತ್ತವೆ. ಕುದಿನೀರಲ್ಲಿ ಅದ್ದಿ ಕ್ರಿಮಿ ಸಾಯಿಸುವುದು, ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡುವುದು, ರಿಟೈನರ್ ಹಾಕಿಕೊಂಡೇ ಸುಡುಸುಡು ಫಿಲ್ಟರ್ ಕಾಫಿ ಕುಡಿಯುವುದು, ಮೂರೂ ತಪ್ಪು. ಕಾಫಿಯಲ್ಲಿ ಇನ್ನೊಂದು ತೊಂದರೆ: ಸಕ್ಕರೆ ಬೆರೆತ ದ್ರವ ರಿಟೈನರಿನೊಳಗೆ ನಿಂತುಬಿಡುತ್ತದೆ, ಜೊಲ್ಲು ಅಲ್ಲಿಗೆ ಬಂದು ತೊಳೆಯಲಾರದು. ಹಲ್ಲು ಹುಳುಕಾಗಲು ಇಷ್ಟು ಸಾಕು. ಹಾಕಿಕೊಂಡಾಗ ನೀರೊಂದೇ ಕುಡಿಯಿರಿ.

ತೆಗೆಯುವ ಕ್ರಮ: ಎರಡೂ ತೋರುಬೆರಳ ತುದಿಯನ್ನು ಕೊನೆಯ ದವಡೆಹಲ್ಲಿನ ಒಳಬದಿಯ, ಅಂದರೆ ನಾಲಿಗೆ ಕಡೆಯ, ಅಂಚಿಗೆ ಕೊಡಿ. ಎಡ ಬಲ ಎರಡೂ ಒಟ್ಟಿಗೆ ಸಡಿಲಿಸಿ, ಆಮೇಲೆ ಮುಂಭಾಗ ಬಿಡಿಸಿ. ಹಾಕುವಾಗ ಮೊದಲು ಮುಂದಿನ ಹಲ್ಲು, ಆಮೇಲೆ ಹಿಂದಿನದು, ಬೆರಳಲ್ಲೇ ಒತ್ತಿ.

ಹಾಲೀ ರಿಟೈನರ್

1919ರ ಸುಮಾರಿಗೆ ಅಮೆರಿಕದ ಚಾರ್ಲ್ಸ್ ಹಾಲೀ ರೂಪಿಸಿದ ವಿನ್ಯಾಸ ಹೆಚ್ಚು ಬದಲಾಗದೆ ಇಂದಿಗೂ ಓಡುತ್ತಿದೆ, ಗಟ್ಟಿ ಸಾಮಾನು. ಇದು ಕೆಡುವುದು ಎರಡು ಕಡೆ. ಮುಂದಿನ ತಂತಿ ಹಿಡಿದು ಎಳೆದರೆ ಅದು ದಿನೇದಿನೇ ಅಗಲವಾಗಿ ಹಿಡಿತ ಬಿಡುತ್ತದೆ. ದವಡೆಹಲ್ಲನ್ನು ಹಿಡಿಯುವ ಕೊಕ್ಕೆ, ಮಡಚಿ ಮಡಚಿ, ಬಾಗಿದ ಮೂಲೆಯಲ್ಲೇ ತುಂಡಾಗುತ್ತದೆ. ತೆಗೆಯುವಾಗ ಕೊಕ್ಕೆಗೆ ಉಗುರು ಕೊಟ್ಟು ತೆಗೆಯಿರಿ, ಮುಂದಿನ ತಂತಿ ಮುಟ್ಟಬೇಡಿ. ಕೆಳದವಡೆಯದ್ದು ಬಾಚಿಹಲ್ಲಿನ ಹಿಂದೆ ತೆಳ್ಳಗಿರುವುದರಿಂದ ಕೈಜಾರಿ ಸಿಂಕಿಗೆ ಬಿದ್ದರೆ ನಡುವಿನಲ್ಲೇ ಎರಡಾಗುತ್ತದೆ. ತೊಳೆಯುವಾಗ ಸಿಂಕಿನಲ್ಲಿ ಟವೆಲ್ ಹಾಸಿ, ಇಲ್ಲವೇ ಒಂದು ಮಗ್ಗು ನೀರಿನ ಮೇಲೆ ಹಿಡಿದು ತೊಳೆಯಿರಿ.

ಅಂಟಿಸಿದ ತಂತಿ

ಇದೇ ಎಲ್ಲಕ್ಕಿಂತ ಮೋಸದ್ದು. ಬಾಯಲ್ಲೇ ಇರುತ್ತದೆ, ನೋಡಲು ಸರಿಯಾಗಿಯೇ ಕಾಣುತ್ತದೆ, ಆದರೆ ಆರು ಹಲ್ಲಿನಲ್ಲಿ ಒಂದರ ಅಂಟು ಬಿಟ್ಟಿರುತ್ತದೆ. ಆ ಒಂದು ಹಲ್ಲು ಸದ್ದಿಲ್ಲದೆ ಸರಿಯತೊಡಗುತ್ತದೆ. ತಿಂಗಳಿಗೊಮ್ಮೆ ಪುಟ್ಟ ಕನ್ನಡಿಯನ್ನು ಹಲ್ಲಿನ ಹಿಂದೆ ಹಿಡಿದು, ಅಂಟಿನ ಪ್ರತಿ ಬೊಟ್ಟಿನ ಪಕ್ಕದಲ್ಲೂ ತಂತಿಯನ್ನು ಉಗುರಿನಿಂದ ಮೆಲ್ಲಗೆ ಒತ್ತಿ. ಗಟ್ಟಿಯಾಗಿದ್ದರೆ ಏನೂ ಆಗದು. ಬಿಟ್ಟಿದ್ದರೆ ಬೊಟ್ಟಿನ ಅಂಚಿನಿಂದ ಸಾಸಿವೆಗಿಂತ ಚಿಕ್ಕ ಜೊಲ್ಲಿನ ಗುಳ್ಳೆ ಹೊರಬರುತ್ತದೆ. ಅದನ್ನು ಕಂಡ ವಾರದೊಳಗೆ ಮತ್ತೆ ಅಂಟಿಸಿಕೊಳ್ಳಿ.

ಬಿಡುವುದೇಕೆ? ಅಂಟಿಸುವ ಹೊತ್ತಿಗೆ ಹಲ್ಲು ಪೂರ್ತಿ ಒಣಗಿರದಿದ್ದರೆ, ಅಂಟಿನ ಪದರ ತೆಳುವಾಗಿದ್ದರೆ ಬೇಗ ಬಿಡುತ್ತದೆ. ಮಿಕ್ಕದ್ದು ನಮ್ಮ ಬಾಯಿಚಪಲ: ಕಬ್ಬು ಸಿಗಿಯುವುದು, ಸೀಬೆಹಣ್ಣು, ಜೋಳದ ತೆನೆ, ಗಟ್ಟಿ ನಿಪ್ಪಟ್ಟು ಮುಂದಿನ ಹಲ್ಲಲ್ಲಿ ಕಚ್ಚುವುದು. ತಿನ್ನಬಾರದೆಂದಿಲ್ಲ, ಹೆಚ್ಚಿಕೊಂಡು ಅಥವಾ ಮುರಿದುಕೊಂಡು ದವಡೆಯಲ್ಲಿ ಅಗಿಯಿರಿ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಲ್ಲು ಕಂದುಗಟ್ಟಿದವರಿಗೆ ಅಂಟು ಹಿಡಿಯುವುದು ಇನ್ನೂ ಕಷ್ಟ. ಆಮ್ಲ ಹಚ್ಚಿ ಒರಟು ಮಾಡಿದ ಎನಾಮೆಲ್ಲಿಗೇ, ಅಂದರೆ ಹಲ್ಲಿನ ಗಟ್ಟಿ ಹೊರಪದರಕ್ಕೇ, ಅಂಟು ಕಚ್ಚಬೇಕು. ಫ್ಲೋರೈಡ್ ತುಂಬಿದ ಮೇಲ್ಪದರವನ್ನು ಆಮ್ಲ ಅಷ್ಟು ಸುಲಭಕ್ಕೆ ಕೊರೆಯುವುದಿಲ್ಲ. ಅಂಥವರು ಅಂಟಿಸಿದ ತಂತಿಯೊಂದನ್ನೇ ನಂಬದೆ ರಾತ್ರಿಗೆ ಪಾರದರ್ಶಕವನ್ನೂ ಇಟ್ಟುಕೊಳ್ಳುವುದು ವಾಸಿ.

ಇನ್ನೊಂದು ವಿಧವಿದೆ, ಅಪರೂಪ, ಆದರೆ ಅಪಾಯದ್ದು. ಅಂಟು ಗಟ್ಟಿಯಾಗಿಯೇ ಇರುತ್ತದೆ, ಎಳೆಗಳನ್ನು ಹೊಸೆದು ಮಾಡಿದ ತಂತಿ ಬಾಗಿ ಅಥವಾ ಹುರಿ ಬಿಚ್ಚಿ ತಾನೇ ಹಲ್ಲನ್ನು ತಳ್ಳುತ್ತದೆ. ಒಂದು ಕೋರೆಹಲ್ಲು ಹೊರಕ್ಕೆ, ಇನ್ನೊಂದು ಒಳಕ್ಕೆ ವಾಲಿದಂತೆ ಕಂಡರೆ, ಒಂದೇ ಹಲ್ಲಿನ ಒಸಡು ಇಳಿದು ಬೇರು ಕಾಣತೊಡಗಿದರೆ ಅದೇ ಇರಬಹುದು. ಇಲ್ಲಿ ಮತ್ತೆ ಅಂಟಿಸುವುದಲ್ಲ, ತಂತಿಯನ್ನು ಪೂರ್ತಿ ತೆಗೆಸಬೇಕು.

ತೊಳೆಯುವುದು

ಗಡಸು ನೀರಿನ ಊರಲ್ಲಿ ರಿಟೈನರ್ ಮೇಲೆ ಬಿಳಿ ಪದರ ಕೂರುತ್ತದೆ, ಗೀಸರ್ ಕಾಯಿಲ್‌ಗೆ ಹಿಡಿಯುವ ಹಾಗೇ. ಅದರ ಮೇಲೆ ಜೊಲ್ಲಿನ ಕಿಟ್ಟ ಸೇರಿ ಒರಟಾಗಿ ವಾಸನೆ ಶುರುವಾಗುತ್ತದೆ. ದಿನಾ ತಣ್ಣೀರಲ್ಲಿ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಮೆದು ಬ್ರಷ್‌ನಲ್ಲಿ ಉಜ್ಜಿ. ಟೂತ್‌ಪೇಸ್ಟ್ ಬೇಡ, ಅದರ ಪುಡಿ ಗೀರು ಮಾಡುತ್ತದೆ, ಆ ಗೀರುಗಳಲ್ಲೇ ಅರಿಶಿನದ ಹಳದಿ ಕೂರುವುದು. ವಾರಕ್ಕೊಮ್ಮೆ ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ 15ರಿಂದ 20 ನಿಮಿಷ ನೆನೆಸಿ ಉಜ್ಜಿದರೆ ಬಿಳಿ ಪದರ ಬಿಡುತ್ತದೆ. ತಂತಿ ಇರುವುದನ್ನು ರಾತ್ರಿಯಿಡೀ ಅದರಲ್ಲಿ ಬಿಡಬೇಡಿ. ಬ್ಲೀಚ್ ಯಾವುದಕ್ಕೂ ಬೇಡ. ಅಂಟಿಸಿದ ತಂತಿಯ ಕೆಳಗೆ ಮಾತ್ರ ಸೂಪರ್ ಫ್ಲಾಸ್ (ತೂರಿಸಲು ಗಟ್ಟಿ ತುದಿಯಿರುವ ಹಲ್ಲುಸಂದಿಯ ದಾರ) ಅಥವಾ ಹಲ್ಲುಸಂದಿಯ ಪುಟ್ಟ ಬ್ರಷ್ ದಿನಾ ಆಡಿಸಬೇಕು.

ಕೆಟ್ಟು ಹೋಗುವುದಕ್ಕಿಂತ ಕಳೆದು ಹೋಗುವುದೂ ಕಡಿಮೆಯಿಲ್ಲ. ಮದುವೆ ಊಟಕ್ಕೆ ಕೂತವರು ತೆಗೆದು ಪೇಪರ್ ನ್ಯಾಪ್ಕಿನ್‌ನಲ್ಲಿ ಸುತ್ತಿ ಎಲೆಯ ಪಕ್ಕ ಇಡುತ್ತಾರೆ, ಎಲೆ ಎತ್ತುವವರು ಅದನ್ನೂ ಎತ್ತುತ್ತಾರೆ. ಬಾಯಿಂದ ಡಬ್ಬಿಗೆ, ಡಬ್ಬಿಯಿಂದ ಬಾಯಿಗೆ; ನಡುವೆ ಇನ್ನೊಂದು ನಿಲ್ದಾಣ ಬೇಡ. ಮನೆಯಲ್ಲಿ ನಾಯಿ ಇದ್ದರೆ ಎತ್ತರದ ಕಪಾಟು, ಜೊಲ್ಲಿನ ವಾಸನೆ ಅದಕ್ಕೆ ಬಲು ಇಷ್ಟ.

ಮುರಿದಾಗ

ಫೆವಿಕ್ವಿಕ್ ಮುಟ್ಟಬೇಡಿ. ಅದು ಬಾಯಿಗೆ ಹೋಗುವಂಥದ್ದಲ್ಲ, ಜೋಡಿಸಿದ್ದೂ ಕೂದಲೆಳೆಯಷ್ಟು ಓರೆಯಾದರೆ ಹಲ್ಲನ್ನು ಆ ಓರೆಗೇ ತಳ್ಳುತ್ತದೆ. ತುಂಡುಗಳನ್ನು ಎತ್ತಿಟ್ಟುಕೊಂಡು ಅದೇ ದಿನ ಕ್ಲಿನಿಕ್ಕಿಗೆ ಫೋನ್ ಮಾಡಿ. ಹಳೆಯ ರಿಟೈನರ್ ಇನ್ನೂ ಕೂರುವಂತಿದ್ದರೆ ಅದನ್ನೇ ಹಾಕಿ. ಕೆಲವು ದಿನ ಬಿಟ್ಟು ಹಾಕಿದಾಗ ಬಿಗಿ ಅನ್ನಿಸಿದರೂ ಕೊನೆಯವರೆಗೆ ಕೂತರೆ, ಒಂದೆರಡು ದಿನ ಊಟದ ಹೊತ್ತು ಬಿಟ್ಟು ಪೂರ್ತಿ ಹಾಕಿಕೊಳ್ಳಿ, ಸಡಿಲವಾಗುತ್ತದೆ. ಹಲ್ಲಿನ ತುದಿಗೂ ಪ್ಲಾಸ್ಟಿಕ್ಕಿಗೂ ನಡುವೆ ಖಾಲಿ ಉಳಿದರೆ ಬಲವಂತವಾಗಿ ಕಚ್ಚಿ ಕೂರಿಸಬೇಡಿ, ಹಲ್ಲು ಸರಿದಾಗಿದೆ. ತಂತಿಯ ತುದಿ ನಾಲಿಗೆಗೆ ಚುಚ್ಚುತ್ತಿದ್ದರೆ ಕ್ಲಿಪ್ ಇದ್ದಾಗ ಕೊಟ್ಟಿದ್ದ ಮೇಣವನ್ನು ಉಂಡೆ ಮಾಡಿ ಅಂಟಿಸಿ, ನೀವೇ ಕತ್ತರಿಸಲು ಹೋಗಬೇಡಿ.

ಕ್ಲಿಪ್ ಬಿಚ್ಚಿಸುವ ದಿನವೇ ಎರಡು ಜೊತೆ ಮಾಡಿಸಿ, ನಿಮ್ಮ ಹಲ್ಲಿನ ಪ್ಲಾಸ್ಟರ್ ಮಾಡೆಲ್ ಅಥವಾ ಸ್ಕ್ಯಾನ್‌ನ ಎಸ್‌ಟಿಎಲ್ ಫೈಲ್ (ಹಲ್ಲಿನ ಆಕಾರ ಹಿಡಿದಿಟ್ಟ ಕಂಪ್ಯೂಟರ್ ಫೈಲ್) ಕೇಳಿ ಪಡೆಯಿರಿ. ಹಲ್ಲು ಸರಿಯದಿದ್ದರೆ ಊರು ಬದಲಾದರೂ ಅದರಿಂದಲೇ ಇನ್ನೊಂದು ಮಾಡಿಸಬಹುದು. ಮುಂದೆ ಫಿಲ್ಲಿಂಗ್, ಕ್ಯಾಪ್ ಏನೇ ಮಾಡಿಸಲು ಹೋದರೂ ರಿಟೈನರ್ ಜೊತೆಗೆ ಒಯ್ಯಿರಿ. ಹಲ್ಲಿನ ಆಕಾರ ಸ್ವಲ್ಪ ಬದಲಾದರೂ ಅದು ಕೂರುವುದಿಲ್ಲ, ಡಾಕ್ಟರು ಕುರ್ಚಿಯಲ್ಲೇ ಹಾಕಿ ನೋಡಿ ಉಜ್ಜಿ ಸರಿಮಾಡಬಹುದು.