ಹೊರದೇಶದ ಖರೀದಿದಾರ ಕಾಫಿ ದುಡ್ಡು ಕೊಡದಿದ್ದರೆ: ಕರಾರಿನಿಂದ ಅಮಲ್ಜಾರಿಯವರೆಗೆ

ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆ ಯುರೋಪಿನ ರೋಸ್ಟರ್‌ಗಳಿಗೆ ನೇರವಾಗಿ ಕಾಫಿ ಕಳಿಸುವ ಬೆಳೆಗಾರರು ಈಗ ಇದ್ದಾರೆ. 20 ಅಡಿ ಕಂಟೇನರ್ ಎಂದರೆ 60 ಕೆಜಿಯ 320 ಮೂಟೆ, ಅಂದರೆ 19.2 ಟನ್. ಸಣ್ಣ ಹಿಡುವಳಿದಾರರಿಗೆ ಅದು ಎಷ್ಟೋ ವರ್ಷದ ಫಸಲು. ಅಷ್ಟು ಮಾಲು ಹಡಗು ಹತ್ತಿ ಹೋಗಿ ದುಡ್ಡು ನಿಂತುಹೋದರೆ, ವಕೀಲರ ಮುಂದೆ ಕೂತು ಮೊದಲು ಕೇಳಬೇಕಾದ್ದು ಒಂದೇ: ಖರೀದಿದಾರನ ಆಸ್ತಿ, ಬ್ಯಾಂಕ್ ಖಾತೆ, ಗೋದಾಮು ಯಾವ ದೇಶದಲ್ಲಿವೆ? ಜಪ್ತಿ ಆಗುವುದು ಅಲ್ಲಿ. ಹಾಗಾಗಿ ಅಲ್ಲಿನ ನ್ಯಾಯಾಧೀಶರು ಒಪ್ಪುವಂಥ ಕಾಗದ ನಿಮ್ಮ ಕೈಯಲ್ಲಿರಬೇಕು. ಆ ಕಾಗದದ ತಯಾರಿ ಮಾಲು ಕಳಿಸುವ ಮುಂಚೆಯೇ ಶುರುವಾಗುತ್ತದೆ.

ಕರಾರಿನಲ್ಲಿ ಏನಿರಬೇಕು

ಬೆಲೆ, ಗ್ರೇಡು, ಸಾಗಣೆ ತಿಂಗಳು ಎಲ್ಲರೂ ಬರೆಯುತ್ತಾರೆ. ವ್ಯಾಜ್ಯದ ಷರತ್ತನ್ನು ಮಾತ್ರ ಯಾವುದೋ ಹಳೆಯ ಕರಾರಿನಿಂದ ನಕಲು ಮಾಡಿ ಅಂಟಿಸುತ್ತಾರೆ. ಅಲ್ಲೇ ಎಡವುವುದು.

ನಮ್ಮ ಸಲಹೆ ಆರ್ಬಿಟ್ರೇಷನ್, ಅಂದರೆ ಕೋರ್ಟಿನ ಬದಲು ಇಬ್ಬರೂ ಒಪ್ಪಿದ ಖಾಸಗಿ ತೀರ್ಪುಗಾರರಿಂದ ವ್ಯಾಜ್ಯ ಇತ್ಯರ್ಥ. ಕಾರಣ 1958ರ ನ್ಯೂಯಾರ್ಕ್ ಒಪ್ಪಂದ. ಭಾರತ, ಇಟಲಿ, ಜರ್ಮನಿ, ಬೆಲ್ಜಿಯಂ, ಅಮೆರಿಕ, ಯುಎಇ ಎಲ್ಲವೂ ಅದರಲ್ಲಿವೆ. ಬೆಂಗಳೂರಿನಲ್ಲಿ ಬಂದ ಆರ್ಬಿಟ್ರೇಷನ್ ತೀರ್ಪನ್ನು ಇಟಲಿಯ ನ್ಯಾಯಾಲಯ ಜಾರಿಗೊಳಿಸಬೇಕು. ನಿರಾಕರಿಸಲು ಅದಕ್ಕಿರುವ ಕಾರಣಗಳು ಬೆರಳೆಣಿಕೆಯಷ್ಟು. ಕೋರ್ಟಿನ ಡಿಕ್ರಿಗೆ ಇಂಥ ಬಲ ಇಲ್ಲ. ಕೋರ್ಟ್ ಆಯ್ಕೆಯ 2005ರ ಹೇಗ್ ಒಪ್ಪಂದಕ್ಕೂ, ತೀರ್ಪುಗಳ ಮಾನ್ಯತೆಯ 2019ರ ಹೇಗ್ ಒಪ್ಪಂದಕ್ಕೂ ಭಾರತ ಸೇರಿಲ್ಲ.

ಷರತ್ತಿನ ಒಕ್ಕಣೆ ಹೀಗಿರಲಿ: ‘ಈ ಕರಾರಿನಿಂದ ಅಥವಾ ಇದಕ್ಕೆ ಸಂಬಂಧಿಸಿ ಹುಟ್ಟುವ ಎಲ್ಲ ವ್ಯಾಜ್ಯಗಳನ್ನೂ (ಸಂಸ್ಥೆಯ ಹೆಸರು) ನಿಯಮಗಳಂತೆ ಆರ್ಬಿಟ್ರೇಷನ್ ಮೂಲಕವೇ ಅಂತಿಮವಾಗಿ ತೀರ್ಮಾನಿಸತಕ್ಕದ್ದು. ಸೀಟ್ ಸಿಂಗಪುರ. ಆರ್ಬಿಟ್ರೇಟರ್ ಒಬ್ಬರು. ಭಾಷೆ ಇಂಗ್ಲಿಷ್. ಕರಾರಿಗೆ ಭಾರತದ ಕಾನೂನು ಅನ್ವಯ.’ ಇದರಲ್ಲಿ ‘ತಕ್ಕದ್ದು’ ಎಂಬ ಪದವನ್ನು ಸಡಿಲಿಸಬೇಡಿ. ‘ಆರ್ಬಿಟ್ರೇಷನ್‌ಗೆ ಹೋಗಬಹುದು’, ‘ಆರ್ಬಿಟ್ರೇಷನ್ ಅಥವಾ ಕೋರ್ಟ್’ ಎಂದು ಬರೆದರೆ ಕಡ್ಡಾಯವೋ ಅಲ್ಲವೋ ಎಂಬ ಜಗಳಕ್ಕೇ ವರ್ಷಗಳು ಹೋಗುತ್ತವೆ. ಸೀಟ್ ಎಂದರೆ ಸಭೆ ಸೇರುವ ಜಾಗ ಎಂದುಕೊಳ್ಳುವವರು ಹೆಚ್ಚು. ವಿಚಾರಣೆ ವೀಡಿಯೊ ಕಾಲ್‌ನಲ್ಲೇ ನಡೆದರೂ, ಯಾವ ದೇಶದ ಕೋರ್ಟಿಗೆ ಆ ಪ್ರಕ್ರಿಯೆಯ ಮೇಲೆ ಹತೋಟಿ ಇದೆ, ತೀರ್ಪನ್ನು ರದ್ದು ಮಾಡಿಸಲು ಎಲ್ಲಿಗೆ ಹೋಗಬೇಕು ಎಂಬುದನ್ನು ಸೀಟ್ ನಿರ್ಧರಿಸುತ್ತದೆ.

ಖರೀದಿದಾರ ‘ಇಟಲಿಯ ಕಾನೂನು ಇರಲಿ’ ಎಂದು ಪಟ್ಟು ಹಿಡಿದರೆ ಒಂದು ಸಂಗತಿ ಗಮನಿಸಿ. ಸರಕು ಮಾರಾಟದ ಬಗ್ಗೆ ವಿಶ್ವಸಂಸ್ಥೆಯ 1980ರ ಒಪ್ಪಂದಕ್ಕೆ ಭಾರತ ಸೇರಿಲ್ಲ, ಇಟಲಿ ಸೇರಿದೆ. ಬರೀ ‘ಇಟಲಿ ಕಾನೂನು’ ಎಂದರೆ ಆ ಒಪ್ಪಂದವೂ ಅದರ ಬೆನ್ನಿಗೇ ಬರುತ್ತದೆ. ಅದರಡಿ ಖರೀದಿದಾರ ದೋಷ ಕಂಡ ಮೇಲೆ ಸಮಂಜಸ ಅವಧಿಯಲ್ಲಿ ತಿಳಿಸಬೇಕು. ಗರಿಷ್ಠ ಗಡುವು 2 ವರ್ಷ. ಹಸಿರು ಕಾಫಿಗೆ ಅದು ತೀರಾ ಉದ್ದ. ಒಪ್ಪಂದ ಅನ್ವಯಿಸುವುದಿಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ, ಅಥವಾ ದೂರಿನ ಗಡುವನ್ನು ದಿನಗಳ ಲೆಕ್ಕದಲ್ಲಿ ನೀವೇ ನಮೂದಿಸಿ.

ಹತ್ತಿಪ್ಪತ್ತು ಮೂಟೆಯ ಮೈಕ್ರೋಲಾಟ್‌ಗೆ ಇಷ್ಟೆಲ್ಲ ಬೇಡ. ಆರ್ಬಿಟ್ರೇಷನ್ ಖರ್ಚೇ ಮಾಲಿನ ಬೆಲೆ ದಾಟೀತು. ಪೂರ್ತಿ ಮುಂಗಡ ಪಡೆದೇ ಕಳಿಸಿ.

ಎಲ್‌ಸಿ ಇದ್ದರೂ ನಿಶ್ಚಿಂತೆ ಇಲ್ಲ

ಎಲ್‌ಸಿ (ಲೆಟರ್ ಆಫ್ ಕ್ರೆಡಿಟ್) ಎಂದರೆ ದಾಖಲೆ ಸರಿಯಿದ್ದರೆ ದುಡ್ಡು ಕೊಡುವುದಾಗಿ ಖರೀದಿದಾರನ ಬ್ಯಾಂಕು ಕೊಡುವ ಲಿಖಿತ ಭರವಸೆ. ಅದನ್ನು ಆಳುವ ಯುಸಿಪಿ 600 ನಿಯಮದಂತೆ, ಸಾಗಣೆಯಾದ 21 ದಿನದೊಳಗೆ ಮತ್ತು ಎಲ್‌ಸಿ ಅವಧಿ ಮುಗಿಯುವ ಮೊದಲು ದಾಖಲೆ ಸಲ್ಲಿಸಬೇಕು. ಬ್ಯಾಂಕಿಗೆ ಪರಿಶೀಲನೆಗೆ 5 ಬ್ಯಾಂಕಿಂಗ್ ದಿನ. ಬ್ಯಾಂಕು ನೋಡುವುದು ಕಾಗದವನ್ನು, ಕಾಫಿಯನ್ನಲ್ಲ.

ನಮ್ಮ ಚಿಕ್ಕಮಗಳೂರು ಜಿಲ್ಲೆಯವರಿಗೆ ಊರಿನ ಹೆಸರೇ ಒಂದು ತೊಡಕು. ಭೌಗೋಳಿಕ ಸೂಚ್ಯಂಕ ನೋಂದಣಿಯಲ್ಲಿ ಇರುವುದು ‘ಚಿಕ್‌ಮಗಳೂರ್ ಅರೇಬಿಕಾ’ ಎಂಬ ಹಳೆಯ ಸ್ಪೆಲ್ಲಿಂಗ್. ಊರಿನ ಅಧಿಕೃತ ಇಂಗ್ಲಿಷ್ ಸ್ಪೆಲ್ಲಿಂಗ್ 2014ರಲ್ಲಿ ಬದಲಾಗಿದೆ. ನಿಮ್ಮ ವಿಳಾಸದಲ್ಲಿ ಈ ವ್ಯತ್ಯಾಸ ಬಂದರೆ ತೊಂದರೆಯಿಲ್ಲ. ದೇಶ ಒಂದೇ ಆಗಿದ್ದರೆ ವಿಳಾಸ ಅಕ್ಷರಶಃ ಹೊಂದಬೇಕೆಂದು ಯುಸಿಪಿ ಕೇಳುವುದಿಲ್ಲ. ಆದರೆ ಇನ್‌ವಾಯ್ಸ್‌ನ ಸರಕು ವಿವರಣೆ ಎಲ್‌ಸಿಯ ವಿವರಣೆಗೆ ಹೊಂದಲೇಬೇಕು. ಎಲ್‌ಸಿ ತೆರೆದ ದಿನವೇ ಆ ಸಾಲನ್ನು ನಕಲು ಮಾಡಿ, ಕ್ಯೂರಿಂಗ್ ವರ್ಕ್ಸ್‌ನವರಿಗೂ (ಕಾಫಿ ಸಂಸ್ಕರಣಾ ಘಟಕ) ಫಾರ್ವರ್ಡಿಂಗ್ ಏಜೆಂಟ್‌ಗೂ ಅದನ್ನೇ ಕೊಡಿ.

ಸ್ಯಾಂಪಲ್ ಕಾಪಾಡುವ ಬಗೆ

ದುಡ್ಡು ಕೊಡದವರು ಸಾಮಾನ್ಯವಾಗಿ ಹೇಳುವುದು ‘ಕಾಫಿ ಸ್ಯಾಂಪಲ್‌ನಂತೆ ಇಲ್ಲ’ ಎಂದು. ಕ್ಯೂರಿಂಗ್ ಮುಗಿದು ಮೂಟೆ ಹೊಲಿಯುವಾಗ ಲಾಟಿನ ಬೇರೆ ಬೇರೆ ಮೂಟೆಗಳಿಂದ ಕಾಳು ತೆಗೆದು, ಬೆರೆಸಿ, ಮೂರು ಪಾಲು ಮಾಡಿ. ಒಂದು ಖರೀದಿದಾರನಿಗೆ, ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಒಂದು ನಿಮ್ಮಲ್ಲಿ. ಮೂರರ ಮೇಲೂ ಲಾಟ್ ನಂಬರು, ದಿನಾಂಕ, ತೇವಾಂಶದ ಮಾಪನ, ಇಬ್ಬರ ಸಹಿ, ಅರಗಿನ ಮುದ್ರೆ ಇರಲಿ.

ನಿಮ್ಮ ಪಾಲನ್ನು ಬಟ್ಟೆ ಚೀಲದಲ್ಲೋ ಗೋಣಿಯಲ್ಲೋ ಇಟ್ಟರೆ ಆಷಾಢದ ಮಳೆ ಸಾಕ್ಷ್ಯವನ್ನೇ ನುಂಗುತ್ತದೆ. ಮಲೆನಾಡಿನ ಗಾಳಿಯ ತೇವ ಹೀರಿ ಕಾಳು ಊದಿ, ಹಸಿರು ಬಣ್ಣ ಬಿಟ್ಟು ಬಿಳಿಚಿಕೊಳ್ಳುತ್ತದೆ. ಮಾರ್ಚ್‌ನಲ್ಲಿ 11% ತೇವ ಇದ್ದ ಸ್ಯಾಂಪಲ್ ಆಗಸ್ಟ್‌ನಲ್ಲಿ ಎದುರಾಳಿಯ ಮಾತನ್ನೇ ಸಮರ್ಥಿಸೀತು. ಗಾಳಿಯಾಡದ ಡಬ್ಬಿಯಲ್ಲಿಡಿ, ಮುದ್ರೆ ಹಾಕಿದ್ದರ ಫೋಟೊ ತೆಗೆದಿಡಿ.

ದುಡ್ಡು ನಿಂತ ಮೊದಲ ವಾರ

ಮೂಲ ಬಿಲ್ ಆಫ್ ಲೇಡಿಂಗ್ (ಮಾಲು ಬಿಡಿಸಿಕೊಳ್ಳಲು ಬೇಕಾದ ಹಡಗು ಕಂಪನಿಯ ರಸೀದಿ) ಎಲ್ಲಿದೆ ಎಂದು ನೋಡಿ. ‘ಪಾವತಿಯ ಮೇಲೆ ದಾಖಲೆ’ ಎಂಬ ಷರತ್ತಿನಲ್ಲಿ ಅದು ಅಲ್ಲಿನ ಬ್ಯಾಂಕಿನಲ್ಲೇ ಕುಳಿತಿದ್ದರೆ ಮಾಲು ಇನ್ನೂ ನಿಮ್ಮ ಹಿಡಿತದಲ್ಲಿದೆ. ಬಂದರಿನ ಬಾಡಿಗೆ ದಿನದಿನಕ್ಕೂ ಏರುವುದರಿಂದ ಆ ಪ್ರದೇಶದಲ್ಲೇ ಬೇರೆ ಖರೀದಿದಾರನನ್ನು ಹುಡುಕಿ ಮಾರುವುದು, ವಾಪಸ್ ತರಿಸುವುದಕ್ಕಿಂತ ಸಾಮಾನ್ಯವಾಗಿ ಅಗ್ಗ. ಹಾಗೆ ಮಾರುವ ಮುನ್ನ ಮೊದಲ ಖರೀದಿದಾರನಿಗೆ ಲಿಖಿತ ನೋಟಿಸ್ ಕೊಟ್ಟಿರಿ. ಬೆಲೆಯಲ್ಲಾದ ನಷ್ಟ ಕೇಳಲು ಅದು ಬೇಕು. ಹುಂಡಿಗೆ ಸಹಿ ಪಡೆದು ದಾಖಲೆ ಬಿಟ್ಟುಕೊಡುವ ಪದ್ಧತಿಯಾದರೆ, ಹುಂಡಿ ಅಮಾನ್ಯವಾದಾಗ ‘ಪ್ರೊಟೆಸ್ಟ್’ (ಅಮಾನ್ಯವಾದದ್ದರ ಅಧಿಕೃತ ದಾಖಲೆ) ಮಾಡಿಸಿ ಎಂದು ಕಲೆಕ್ಷನ್ ಸೂಚನೆಯಲ್ಲಿ ಮೊದಲೇ ಬರೆದಿರಬೇಕು. ಸೂಚನೆ ಇಲ್ಲದಿದ್ದರೆ ಬ್ಯಾಂಕಿಗೆ ಆ ಹೊಣೆ ಇಲ್ಲ. ಇಸಿಜಿಸಿಯ (ರಫ್ತು ಸಾಲ ವಿಮೆಯ ಸರ್ಕಾರಿ ಕಂಪನಿ) ವಿಮೆ ಇದ್ದರೆ ಬಾಕಿಯ ವರದಿಯನ್ನು ಪಾಲಿಸಿಯ ಗಡುವಿನೊಳಗೆ ಕೊಡಿ. ತಡವಾದರೆ ಕ್ಲೇಮಿಗೇ ಕುತ್ತು.

ಕರಾರಿನಲ್ಲಿ ಆರ್ಬಿಟ್ರೇಷನ್ ಷರತ್ತೇ ಇಲ್ಲವೇ? ಖರೀದಿದಾರ ಬಾಕಿಯನ್ನು ಇಮೇಲ್‌ನಲ್ಲಿ ಒಪ್ಪಿಕೊಂಡಿದ್ದಾನೆಯೇ? ಹಾಗಿದ್ದರೆ ಅವನ ಊರಿನ ಕೋರ್ಟಿಗೇ ಹೋಗುವುದು ಎಷ್ಟೋ ಸಲ ಹತ್ತಿರದ ದಾರಿ. ಇಟಲಿಯಲ್ಲಿ ‘ಡೆಕ್ರೇತೊ ಇಂಜುಂತೀವೊ’ ಎಂಬ ಪಾವತಿ ಆದೇಶ ಇದೆ. ಸಾಲಗಾರ ಸಾಮಾನ್ಯವಾಗಿ 40 ದಿನದಲ್ಲಿ ತಕರಾರು ಹಾಕಬೇಕು. ಜರ್ಮನಿಯ ಇಂಥದೇ ಆದೇಶವಾದ ‘ಮಾನ್‌ಬೆಷೈಡ್’ಗೆ ಗಡುವು 2 ವಾರ. ಇಟಲಿಯ ವಕೀಲರಿಗೆ ಕೊಡುವ ಅಧಿಕಾರ ಪತ್ರಕ್ಕೆ ನೋಟರಿ ಮುಂದೆ ಸಹಿ, ರಾಜ್ಯ ಸರ್ಕಾರದ ದೃಢೀಕರಣ, ಬಳಿಕ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ (ಹೊರದೇಶದಲ್ಲಿ ಒಪ್ಪುವ ದೃಢೀಕರಣ) ಮಾಡಿಸಿ. ನೋಟರಿ ಮುದ್ರೆ ಒಂದೇ ಸಾಲದು.

ಇಲ್ಲೇ ದಾವೆ ಹೂಡುವುದಾದರೆ

ಕರಾರು ಇಲ್ಲಿ ಆಗಿದ್ದರೆ ಅಥವಾ ದುಡ್ಡು ಇಲ್ಲಿನ ಖಾತೆಗೆ ಬರಬೇಕಿದ್ದರೆ, ದಾವೆಯ ಕಾರಣದ ಒಂದು ಭಾಗ ಇಲ್ಲಿ ಹುಟ್ಟಿತು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 20ರಡಿ ಹೂಡಬಹುದು. ₹3 ಲಕ್ಷ ಅಥವಾ ಮೇಲ್ಪಟ್ಟ ರಫ್ತು ವ್ಯಾಜ್ಯ ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ. ತುರ್ತು ಮಧ್ಯಂತರ ಪರಿಹಾರ ಕೇಳದಿದ್ದರೆ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ ಕಲಂ 12ಎ ಪ್ರಕಾರ ಮೊದಲು ಮಧ್ಯಸ್ಥಿಕೆ ಕಡ್ಡಾಯ. ಅದನ್ನು ಬಿಟ್ಟು ಹೂಡಿದರೆ ದಾವೆಯೇ ತಿರಸ್ಕಾರವಾಗುತ್ತದೆ. ಸರಕಿನ ಬೆಲೆಯ ದಾವೆಗೆ ಕಾಲಮಿತಿ 3 ವರ್ಷ.

ಸಮನ್ಸ್ ಜಾರಿಯಲ್ಲೇ ಹೆಚ್ಚು ಕೇಸು ಕೆಡುವುದು. 1965ರ ಹೇಗ್ ಸಮನ್ಸ್ ಒಪ್ಪಂದದಂತೆ ಅದು ದೆಹಲಿಯ ಕಾನೂನು ಸಚಿವಾಲಯದ ಮೂಲಕ ಆ ದೇಶದ ಕೇಂದ್ರ ಪ್ರಾಧಿಕಾರಕ್ಕೆ, ಅಲ್ಲಿನ ಭಾಷೆಯ ಅನುವಾದದ ಸಮೇತ ಹೋಗಬೇಕು. ತಿಂಗಳುಗಟ್ಟಲೆ ಹಿಡಿಯುತ್ತದೆ. ವಾಟ್ಸಾಪ್‌ನಲ್ಲಿ ಕಳಿಸಿ ಏಕಪಕ್ಷೀಯ ಡಿಕ್ರಿ ಪಡೆದರೆ ಜಾರಿಯ ಹಂತದಲ್ಲಿ ಅಲ್ಲಿನ ಕೋರ್ಟು ಮೊದಲು ಕೇಳುವುದೇ ಸಮನ್ಸ್ ತಲುಪಿದ್ದರ ದಾಖಲೆಯನ್ನು.

ನೋಟಿಸ್ ನಿಮಗೇ ಬಂದರೆ

ಖರೀದಿದಾರನೇ ಪರಿಹಾರ ಕೇಳಿ ಅಲ್ಲಿ ದಾವೆ ಹೂಡಿದರೆ ಕಾಗದವನ್ನು ಕಪಾಟಿಗೆ ಸೇರಿಸಬೇಡಿ. ಇಂಗ್ಲೆಂಡ್, ಸಿಂಗಪುರ, ಯುಎಇಗಳ ಮೇಲಿನ ಹಂತದ ಕೋರ್ಟುಗಳ ಹಣದ ಡಿಕ್ರಿಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 44ಎ ಅಡಿಯಲ್ಲಿ ಹಾಸನದ ಜಿಲ್ಲಾ ನ್ಯಾಯಾಲಯದಲ್ಲೇ ನೇರ ಅಮಲ್ಜಾರಿ ಮಾಡಿಸಬಹುದು. ಯುಎಇ ಆ ಪಟ್ಟಿಗೆ ಸೇರಿದ್ದು 2020ರಲ್ಲಿ. ಜರ್ಮನಿ, ಇಟಲಿ, ಅಮೆರಿಕದ ತೀರ್ಪಾದರೆ ಅವರು 3 ವರ್ಷದೊಳಗೆ ಇಲ್ಲಿ ಹೊಸ ದಾವೆ ಹಾಕಬೇಕು. ಎರಡರಲ್ಲೂ ಅದೇ ಸಂಹಿತೆಯ ಕಲಂ 13ರ ಆಕ್ಷೇಪಗಳು ನಿಮಗಿವೆ: ಅಧಿಕಾರ ವ್ಯಾಪ್ತಿ ಇರಲಿಲ್ಲ, ಗುಣಾವಗುಣದ ಮೇಲೆ ತೀರ್ಮಾನವಾಗಿಲ್ಲ, ಸಹಜ ನ್ಯಾಯ ಪಾಲನೆಯಾಗಿಲ್ಲ, ವಂಚನೆಯಿಂದ ಪಡೆದದ್ದು ಇತ್ಯಾದಿ. ಆದರೆ ಅಲ್ಲಿ ಹಾಜರಾಗಿ, ವ್ಯಾಪ್ತಿಯ ತಕರಾರು ಎತ್ತದೆ ಕಾಫಿಯ ಗುಣಮಟ್ಟದ ಬಗ್ಗೆ ವಾದಿಸಿದರೆ ಆ ಕೋರ್ಟನ್ನು ಒಪ್ಪಿಕೊಂಡಂತಾಗುತ್ತದೆ. ಹಾಗಾಗಿ ಯಾವ ಉತ್ತರವನ್ನೂ, ಇಮೇಲ್ ಕೂಡ, ವಕೀಲರು ನೋಡುವ ಮೊದಲು ಕಳಿಸಬೇಡಿ. ನೋಟಿಸ್ ಬಂದ ಲಕೋಟೆಯನ್ನು ಅದರ ಮೇಲಿನ ದಿನಾಂಕ ಕಾಣುವಂತೆ ಎತ್ತಿಡಿ.