ತಿರುಚಿ ನೋಡಿ, ಆಮೇಲೆ ಕೊಳ್ಳಿ: ಹೋಲ್ಸ್ಟರ್ ಹೊರುವ ಬೆಲ್ಟ್ ಆರಿಸುವ ಬಗೆ

ನಾನು 11 ವರ್ಷದಿಂದ ಅಂಗರಕ್ಷಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಬೆಳಿಗ್ಗೆ ಸೊಂಟಕ್ಕೆ ಕಟ್ಟಿದ ಪಿಸ್ತೂಲು ರಾತ್ರಿ ಬಿಚ್ಚುವವರೆಗೆ ಅಲ್ಲೇ ಇರುತ್ತದೆ. ಕಾರು ಹತ್ತುತ್ತೇನೆ, ಇಳಿಯುತ್ತೇನೆ, ಮೆಟ್ಟಿಲು ಓಡುತ್ತೇನೆ, ಕುರ್ಚಿಯಲ್ಲಿ ಗಂಟೆಗಟ್ಟಲೆ ಕಾಯುತ್ತೇನೆ. ಪರವಾನಗಿ ಪಡೆದು ಹೊಸದಾಗಿ ಈ ಕೆಲಸಕ್ಕೆ ಬರುವವರು ಯಾವ ಪಿಸ್ತೂಲು ಒಳ್ಳೆಯದು, ಯಾವ ಹೋಲ್ಸ್ಟರ್ (ಸೊಂಟದಲ್ಲಿ ಪಿಸ್ತೂಲು ಇಡುವ ಒರೆ) ಒಳ್ಳೆಯದು ಅಂತ ಕೇಳುತ್ತಾರೆ. ಬೆಲ್ಟ್ ಬಗ್ಗೆ ಕೇಳುವವರು ಕಡಿಮೆ. ನಾನೂ ಕೇಳಿರಲಿಲ್ಲ.

ತರಬೇತಿಯ ಮೊದಲ ವಾರ ಪ್ಯಾಂಟಿನ ಜೊತೆ ಬಂದಿದ್ದ ಮಾಮೂಲಿ ಬೆಲ್ಟನ್ನೇ ಕಟ್ಟಿಕೊಂಡು ಹೋಗಿದ್ದೆ. ಅಗಲ ಒಂದು ಇಂಚು, ಮುಟ್ಟಿದರೆ ಮೆತ್ತಗೆ. ಹೋಲ್ಸ್ಟರಿನ ಕ್ಲಿಪ್ ಒಂದೂವರೆ ಇಂಚಿನ ಬೆಲ್ಟಿಗೆ ಮಾಡಿದ್ದು. ಪಿಸ್ತೂಲು ಎಳೆದೆ. ಹೋಲ್ಸ್ಟರ್ ಸಮೇತ ಕೈಗೆ ಬಂತು. ಹೋಲ್ಸ್ಟರ್ ಟ್ರಿಗರನ್ನು ಮುಚ್ಚಿಕೊಂಡೇ ಇತ್ತು, ನನ್ನ ಬೆರಳೂ ಹೊರಗಿತ್ತು. ಹಾಗಾಗಿ ಅನಾಹುತ ಆಗಲಿಲ್ಲ. ತರಬೇತುದಾರರು ಎಲ್ಲರನ್ನೂ ನಿಲ್ಲಿಸಿ ನನ್ನ ಹತ್ತಿರ ಬಂದರು. ಅವರು ಹೋಲ್ಸ್ಟರ್ ನೋಡಲೇ ಇಲ್ಲ. ನನ್ನ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿದರು. ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಗಿತು. "ಇದಕ್ಕೆ ಪಿಸ್ತೂಲು ನೇತು ಹಾಕಿದ್ದೀರಾ?" ಅಂದರು. ಇನ್ನೇನೂ ಹೇಳಲಿಲ್ಲ.

ಗಟ್ಟಿ ಬೆಲ್ಟ್ ಅಂದರೆ ಹರಿಯದ ಬೆಲ್ಟ್ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಹರಿಯುವ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ. ಲೆಕ್ಕ ಹಾಕಿ ನೋಡಿ. ಗ್ಲಾಕ್ 19ರಂಥ ಮಧ್ಯಮ ಗಾತ್ರದ ಪಿಸ್ತೂಲಿಗೆ 15 ಗುಂಡು ತುಂಬಿದರೆ ಸುಮಾರು 850 ಗ್ರಾಂ ತೂಗುತ್ತದೆ. ಇನ್ನೊಂದು ತುಂಬಿದ ಮ್ಯಾಗಜೀನ್, ಅಂದರೆ ಗುಂಡು ತುಂಬುವ ಡಬ್ಬಿ, ಕಾಲು ಕಿಲೋ. ಹೋಲ್ಸ್ಟರ್ ಸೇರಿಸಿದರೆ ಒಂದು ಕಿಲೋ ದಾಟಿತು. ಪೂರ್ತಿ ಉಕ್ಕಿನ 1911 ಮಾದರಿಯಾದರೆ ಖಾಲಿ ಪಿಸ್ತೂಲೇ 1.1 ಕಿಲೋ ಹತ್ತಿರ ಇರುತ್ತದೆ. ಇಷ್ಟು ತೂಕಕ್ಕೆ ಯಾವ ಬೆಲ್ಟೂ ಹರಿಯುವುದಿಲ್ಲ. ಆದರೆ ಈ ತೂಕ ಬೆಲ್ಟಿನ ಕೆಳಗೆ ನೇರವಾಗಿ ತೂಗುವುದಿಲ್ಲ, ಪಕ್ಕಕ್ಕೆ ಆತುಕೊಂಡಿರುತ್ತದೆ. ಅದೂ ಅಲ್ಲದೆ ಪಿಸ್ತೂಲಿನ ಹಿಡಿ ಬೆಲ್ಟಿಗಿಂತ ಮೇಲೆ ಇರುತ್ತದೆ, ತುಂಬಿದ ಮ್ಯಾಗಜೀನ್ ಇರುವುದೂ ಆ ಹಿಡಿಯ ಒಳಗೇ. ಬೆಲ್ಟ್ ಮೆತ್ತಗಿದ್ದರೆ ಅದರ ಮೇಲಂಚು ಹೊರಕ್ಕೆ ವಾಲುತ್ತದೆ, ಹಿಡಿ ಮೈಯಿಂದ ದೂರ ಸರಿಯುತ್ತದೆ. ಕೋಟಿನ ಮೇಲೆ ಉಬ್ಬು ಕಾಣುತ್ತದೆ. ಇಡೀ ದಿನ ಪ್ಯಾಂಟು ಮೇಲೆತ್ತಿಕೊಳ್ಳುವುದೇ ಕೆಲಸವಾಗುತ್ತದೆ, ಹಾಗೆ ಎತ್ತಿಕೊಳ್ಳುವವರನ್ನು ಜನ ಗಮನಿಸುತ್ತಾರೆ.

ಎಲ್ಲಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಸಾವಿರಾರು ಸಲ ಅಭ್ಯಾಸ ಮಾಡಿ ಕೈಗೆ ಒಂದು ಜಾಗ ಕಲಿಸಿರುತ್ತೇವೆ. ನೋಡದೆ ಕೈ ಇಳಿಸಿದರೆ ಹಿಡಿ ಅಲ್ಲೇ ಸಿಗಬೇಕು. ಮೆತ್ತನೆ ಬೆಲ್ಟಿನಲ್ಲಿ ಅದು ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ ಇರುತ್ತದೆ. ಈ ಒಂದು ಕಾರಣಕ್ಕೇ ನಾನು ಬೆಲ್ಟಿನ ವಿಷಯದಲ್ಲಿ ಇಷ್ಟು ಹಟ ಹಿಡಿಯುವುದು.

ಕೊಳ್ಳುವ ಮುಂಚೆ ಬೆಲ್ಟನ್ನು ಕೈಗೆ ತೆಗೆದುಕೊಳ್ಳಿ. ಒಂದು ಗೇಣು ಅಂತರ ಬಿಟ್ಟು ಎರಡೂ ಕೈಯಲ್ಲಿ ಹಿಡಿದು ತಿರುಚಿ. ಒಳ್ಳೆ ಬೆಲ್ಟ್ ನಿಮ್ಮ ಕೈಗೆ ಎದುರು ನಿಲ್ಲುತ್ತದೆ, ಸ್ವಲ್ಪ ತಿರುಗಿದರೂ ಬಿಟ್ಟ ಕೂಡಲೇ ಮೊದಲಿನಂತಾಗುತ್ತದೆ. ಆಮೇಲೆ ಹೆಬ್ಬೆರಳು ಒಂದು ಅಂಚಿಗೆ, ಬೆರಳುಗಳು ಇನ್ನೊಂದು ಅಂಚಿಗೆ ಇಟ್ಟು ಒತ್ತಿ. ನಡುವೆ ಹೆಂಚಿನ ಹಾಗೆ ಬಾಗಿದರೆ ಅಲ್ಲಿಗೇ ಬಿಡಿ. ಕೊನೆಗೆ ಸೊಂಟದಲ್ಲಿ ನಿಲ್ಲುವ ಹಾಗೆ ಅಂಚು ಮೇಲೆ ಮಾಡಿ ಹಿಡಿದು, ಒಂದು ಮೊಳ ಉದ್ದವನ್ನು ಗಾಳಿಯಲ್ಲಿ ಚಾಚಿ. ತುದಿ ಜೋತು ಬೀಳಬಾರದು. ಹಾಗಂತ ಸುತ್ತಿದಾಗ ಸೊಂಟಕ್ಕೆ ಆರಾಮಾಗಿ ಬಾಗಲೇಬೇಕು. ಸುತ್ತಳತೆಗೆ ಬಾಗಬೇಕು, ಅಗಲಕ್ಕೆ ಬಾಗಬಾರದು. ನಾವು ಕೊಳ್ಳಬೇಕಾದ ಗಟ್ಟಿತನ ಅಂದರೆ ಇದೇ.

ಗಟ್ಟಿ ಇದ್ದಷ್ಟೂ ಒಳ್ಳೆಯದು ಅಂತಲೂ ಇಲ್ಲ. ನನ್ನ ಎರಡನೇ ಬೆಲ್ಟಿನ ಒಳಗೆ ಉಕ್ಕಿನ ಪಟ್ಟಿ ಇತ್ತು. ಪಿಸ್ತೂಲು ಒಂದಿಷ್ಟೂ ಅಲ್ಲಾಡುತ್ತಿರಲಿಲ್ಲ. ಆದರೆ ಸಂಜೆ ಹೊತ್ತಿಗೆ ಸೊಂಟದ ಮೂಳೆಯ ಮೇಲೆ ಕೆಂಪು ಗೀರು ಬಿದ್ದಿರುತ್ತಿತ್ತು. ನನ್ನ ಮೈಯಲ್ಲಿ ಮಾಂಸ ಕಡಿಮೆ. ಅಂಥವರಿಗೆ ಪ್ಲಾಸ್ಟಿಕ್ ಪಟ್ಟಿ ಇರುವ ಬೆಲ್ಟ್ ಸಾಕು. ಭಾರದ ಉಕ್ಕಿನ ಪಿಸ್ತೂಲನ್ನು ಪ್ಯಾಂಟಿನ ಹೊರಗೆ ಹೊರುವವರು ಉಕ್ಕಿನ ಪಟ್ಟಿಯದನ್ನೇ ನೋಡಬಹುದು.

ಇನ್ನು ಅಗಲ. ದಿನನಿತ್ಯ ಬಟ್ಟೆಯ ಅಡಿ ಹೊರುವುದಾದರೆ ಒಂದೂವರೆ ಇಂಚು, ಅಂದರೆ 38 ಮಿ.ಮೀ. ಬೆಲ್ಟ್ ತೆಗೆದುಕೊಳ್ಳಿ. ಹೆಚ್ಚಿನ ಹೋಲ್ಸ್ಟರ್‌ಗಳ ಕ್ಲಿಪ್ಪು, ಲೂಪು ಇದೇ ಅಳತೆಗೆ ಇರುತ್ತವೆ. 1.75 ಇಂಚಿನದು ಇನ್ನೂ ಬಿಗಿ ನಿಲ್ಲುತ್ತದೆ, ಆದರೆ ಎಷ್ಟೋ ಪ್ಯಾಂಟಿನ ಲೂಪಿಗೆ ಅದು ತೂರುವುದಿಲ್ಲ. ಸಮವಸ್ತ್ರದ ಮೇಲೆ ಕಟ್ಟುವ ಡ್ಯೂಟಿ ಬೆಲ್ಟ್ 2 ಅಥವಾ 2.25 ಇಂಚು. ಅದರಡಿ ಇನ್ನೊಂದು ಬೆಲ್ಟ್, ಎರಡನ್ನೂ ಸೇರಿಸಿ ಹಿಡಿಯುವ ಕೀಪರ್ ಪಟ್ಟಿಗಳು ಅಂತ ಆ ವ್ಯವಸ್ಥೆಯೇ ಬೇರೆ.

ಅಗಲದಷ್ಟೇ ದಪ್ಪವನ್ನೂ ನೋಡಿ. ಪಿಸ್ತೂಲು ಹೊರುವ ಚರ್ಮದ ಬೆಲ್ಟ್ ಸುಮಾರು 6 ಮಿ.ಮೀ. ದಪ್ಪ ಇರುತ್ತದೆ. ಕೆಲವು ಕ್ಲಿಪ್ಪುಗಳ ಬಾಯಿ ಅಷ್ಟು ತೆರೆಯುವುದಿಲ್ಲ. ಬಲವಂತವಾಗಿ ತುರುಕಿದರೆ ಕ್ಲಿಪ್ಪಿನ ಕೊಕ್ಕೆ ಬೆಲ್ಟಿನ ಕೆಳಗೆ ಪೂರ್ತಿ ಸಿಕ್ಕಿಕೊಳ್ಳುವುದಿಲ್ಲ. ಆಗ ಎಳೆದಾಗ ಹೋಲ್ಸ್ಟರೇ ಕಿತ್ತು ಬರುತ್ತದೆ, ನನಗೆ ಬಂದ ಹಾಗೆ. ಆದ್ದರಿಂದ ಬೆಲ್ಟ್ ಕೊಳ್ಳಲು ಹೋಗುವಾಗ ಖಾಲಿ ಹೋಲ್ಸ್ಟರನ್ನೂ, ದಿನಾ ಹಾಕುವ ಪ್ಯಾಂಟನ್ನೂ ಜೊತೆಗೆ ಒಯ್ಯಿರಿ. ಈ ಮೂರೂ ಒಂದಕ್ಕೊಂದು ಹೊಂದಬೇಕು.

ಹೆಂಗಸರಿಗೆ ಇಲ್ಲಿ ಒಂದು ಮಾತು ಜಾಸ್ತಿ ಹೇಳಬೇಕು. ನಮ್ಮ ಪ್ಯಾಂಟುಗಳ ಲೂಪು ಚಿಕ್ಕವು, ದೂರ ದೂರ ಹೊಲಿದವು. ಒಂದೂವರೆ ಇಂಚಿನ ಬೆಲ್ಟ್ ಎಷ್ಟೋ ಸಲ ಒಳಗೇ ಹೋಗುವುದಿಲ್ಲ. ಅದಕ್ಕೆ ಸಣ್ಣ ಬೆಲ್ಟ್ ಕೊಳ್ಳಬೇಡಿ, ಪ್ಯಾಂಟನ್ನು ದರ್ಜಿ ಹತ್ತಿರ ಕೊಡಿ. ನಾನು ಎಲ್ಲ ಪ್ಯಾಂಟಿಗೂ ಹಳೆ ಲೂಪು ಬಿಚ್ಚಿಸಿ, 2 ಇಂಚು ಎತ್ತರದ ದಪ್ಪ ಲೂಪು ಹಾಕಿಸಿದ್ದೇನೆ. ಅದರಲ್ಲಿ ಒಂದು ಸರಿಯಾಗಿ ಹೋಲ್ಸ್ಟರ್ ಕೂರುವ ಜಾಗದಲ್ಲೇ ಇದೆ. ಹೊರಗೆ ಕಟ್ಟುವ ಚಪ್ಪಟೆ ಹೋಲ್ಸ್ಟರಿಗೆ ಎರಡು ಸೀಳು ಇರುತ್ತವಲ್ಲ, ಬೆಲ್ಟನ್ನು ಮೊದಲು ಒಂದು ಸೀಳಿಗೆ, ಆಮೇಲೆ ಪ್ಯಾಂಟಿನ ಲೂಪಿಗೆ, ಆಮೇಲೆ ಎರಡನೇ ಸೀಳಿಗೆ ತೂರಿಸುತ್ತೇನೆ. ಹೋಲ್ಸ್ಟರ್ ಹಿಂದಕ್ಕೂ ಸರಿಯುವುದಿಲ್ಲ, ಮುಂದಕ್ಕೂ ಸರಿಯುವುದಿಲ್ಲ. ಇದು ಗಂಡಸರಿಗೂ ಅಷ್ಟೇ ಉಪಯೋಗ. ಸೊಂಟದ ಬಳುಕು ಜಾಸ್ತಿ ಇದ್ದವರು ಸ್ವಲ್ಪ ಕಮಾನಿನ ಆಕಾರದಲ್ಲಿ ಕತ್ತರಿಸಿದ ಬೆಲ್ಟ್ ಹುಡುಕಿ. ನೇರ ಬೆಲ್ಟಿನ ಮೇಲಂಚು ನಮ್ಮ ಮೈಯಿಂದ ದೂರ ನಿಲ್ಲುತ್ತದೆ, ಅಲ್ಲಿಂದಲೇ ಪಿಸ್ತೂಲು ವಾಲಲು ಶುರು.

ಚರ್ಮವೋ ನೈಲಾನೋ? ನಾನು ಚರ್ಮದ ಕಡೆ. ಆದರೆ ಚರ್ಮ ಅಂದ ಮಾತ್ರಕ್ಕೆ ನಂಬಬೇಡಿ. ಪಿಸ್ತೂಲಿನ ಬೆಲ್ಟಿಗೆ ಎರಡು ಪದರ ಬೇಕು, ಅಂಟಿಸಿ ಅಂಚಿನುದ್ದಕ್ಕೂ ಹೊಲಿದಿರಬೇಕು. ಚರ್ಮದ ದಪ್ಪವನ್ನು ಔನ್ಸಿನಲ್ಲಿ ಹೇಳುತ್ತಾರೆ, ಒಂದು ಔನ್ಸ್ ಅಂದರೆ ಸುಮಾರು 0.4 ಮಿ.ಮೀ. ಪ್ರತಿ ಪದರ 8 ಔನ್ಸ್ ಇದ್ದರೆ ಎರಡೂ ಸೇರಿ 6 ಮಿ.ಮೀ. ಮೇಲಾಯಿತು. ಮರದ ತೊಗಟೆಯಂಥ ಗಿಡಮೂಲದ ಪದಾರ್ಥದಲ್ಲಿ ಹದ ಮಾಡಿದ ಚರ್ಮ ಬಿಗಿಯಾಗಿರುತ್ತದೆ, ಕ್ರೋಮಿನಲ್ಲಿ ಹದ ಮಾಡಿದ್ದು ಮೆತ್ತಗಿರುತ್ತದೆ. ನಮಗೆ ಬೇಕಾದದ್ದು ಮೊದಲನೆಯದು. ಬೆಲ್ಟಿನ ತುದಿಯ ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿಯಿರಿ. ಎರಡು ದಟ್ಟ ಪದರ ಕಂಡರೆ ಸರಿ. ನಡುವೆ ರಟ್ಟಿನ ಹಾಗೆ ಏನಾದರೂ ಕಂಡರೆ, ಅಥವಾ ಅಂಚಿಗೆ ಬಣ್ಣ ದಪ್ಪಗೆ ಬಳಿದು ಒಳಗಿನದ್ದನ್ನು ಮುಚ್ಚಿದ್ದರೆ, ಮುಂದಕ್ಕೆ ಹೋಗಿ. ಚರ್ಮದ ಪುಡಿಗೆ ಅಂಟು ಕಲಸಿ ಒತ್ತಿದ ಬಾಂಡೆಡ್ ಲೆದರ್ ಈ ಕೆಲಸಕ್ಕೆ ಬೇಡವೇ ಬೇಡ.

ಬೆವರು, ಮಳೆ ಜಾಸ್ತಿ ಇರುವ ಕೆಲಸಕ್ಕೆ ನೈಲಾನ್ ಒಳ್ಳೆಯದು. ಅದೂ ಎರಡು ಪದರ ಹೊಲಿದು ಒಳಗೆ ಪಟ್ಟಿ ಇಟ್ಟದ್ದು. ಎರಡೂ ಪಕ್ಕದ ಗುಂಡಿಯನ್ನು ಒಟ್ಟಿಗೆ ಒತ್ತಿದರೆ ಮಾತ್ರ ಬಿಚ್ಚುವ ಕೋಬ್ರಾ ಬಕಲ್ ತುಂಬ ಭದ್ರ. ಆದರೆ ಆ ಬಕಲ್ ಅಗಲ, ಎಷ್ಟೋ ಪ್ಯಾಂಟಿನ ಲೂಪಿನಲ್ಲಿ ಹಾಯುವುದಿಲ್ಲ. ದಿನಾ ಬಕಲ್ ಕಳಚಿ ಬೆಲ್ಟ್ ತೂರಿಸಿ ಮತ್ತೆ ಹಾಕುವ ತಾಳ್ಮೆ ಇದೆಯಾ ಅಂತ ಮೊದಲೇ ಯೋಚಿಸಿ. ವೆಲ್ಕ್ರೋ ಬೆಲ್ಟೂ ಬಳಸಿದ್ದೇನೆ. ಎರಡು ವರ್ಷಕ್ಕೆ ಹಿಡಿತ ಸಡಿಲವಾಯಿತು.

ಕಾರಿನಲ್ಲಿ ಜಾಸ್ತಿ ಹೊತ್ತು ಕೂರುವವರಿಗೆ ರ‍್ಯಾಚೆಟ್ ಬೆಲ್ಟ್ ಹಿತ. ತೂತಿನ ಬೆಲ್ಟಿನಲ್ಲಿ ತೂತಿಗೆ ತೂತಿಗೆ ಒಂದು ಇಂಚು ಅಂತರ ಇರುವುದೇ ಜಾಸ್ತಿ. ಇದರಲ್ಲಿ ತೂತಿನ ಬದಲು ಹಿಂಬದಿಯಲ್ಲಿ ಸಾಲು ಹಲ್ಲುಗಳಿರುತ್ತವೆ, ಬಕಲ್ ಅವಕ್ಕೆ ಕಚ್ಚಿಕೊಳ್ಳುತ್ತದೆ. ಹಲ್ಲಿಗೆ ಹಲ್ಲಿಗೆ ಬರೀ 6 ಮಿ.ಮೀ. ಆಸುಪಾಸು. ಕೂತಾಗ ಒಂದು ಹಲ್ಲು ಸಡಿಲ, ಎದ್ದಾಗ ಒಂದು ಹಲ್ಲು ಬಿಗಿ. ಬಕಲನ್ನು ಹಿಡಿದಿರುವ ಸಣ್ಣ ಸ್ಕ್ರೂಗಳನ್ನು ಮಾತ್ರ ಆಗಾಗ ನೋಡುತ್ತಿರಿ.

ಅಳತೆಯಲ್ಲಿ ಎಲ್ಲರೂ ಎಡವುತ್ತಾರೆ. ಪ್ಯಾಂಟಿನ ಮೇಲೆ ಬರೆದಿರುವ ಸಂಖ್ಯೆ ನಿಮ್ಮ ಬೆಲ್ಟಿನ ಅಳತೆ ಅಲ್ಲ. ಹೋಲ್ಸ್ಟರ್ ಪ್ಯಾಂಟಿನ ಒಳಗೆ ಕೂರುವುದಾದರೆ ಅದೇ ಒಂದೆರಡು ಇಂಚು ತಿನ್ನುತ್ತದೆ. ಪಿಸ್ತೂಲು ಖಾಲಿ ಮಾಡಿ, ಹೋಲ್ಸ್ಟರಿನಲ್ಲಿಟ್ಟು, ಹೊರುವ ಜಾಗದಲ್ಲೇ ಇಟ್ಟುಕೊಂಡು ಲೂಪಿನ ಮೇಲಿಂದ ಟೇಪು ಸುತ್ತಿ ಅಳೆಯಿರಿ. ಬಕಲ್ ಮಡಚಿದ ಜಾಗದಿಂದ ನಡುವಿನ ತೂತಿನವರೆಗೆ ಅಷ್ಟು ಉದ್ದ ಇರಬೇಕು. ಐದು ತೂತಿದ್ದರೆ ಮೂರನೆಯದು. ಆಗ ಆಚೆಗೂ ಎರಡು, ಈಚೆಗೂ ಎರಡು ಉಳಿಯುತ್ತವೆ.

ಮನೆಗೆ ತಂದ ಮೇಲೆ ಒಂದು ದಿನ ಪರೀಕ್ಷೆಗೆ ಇಟ್ಟುಕೊಳ್ಳಿ. ಮ್ಯಾಗಜೀನ್ ಹೊರಗೆ ತೆಗೆಯಿರಿ. ಚೇಂಬರ್, ಅಂದರೆ ನಳಿಕೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗ, ಖಾಲಿ ಇದೆಯಾ ಅಂತ ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ನೋಡಿ. ಗುಂಡುಗಳು ಬೇರೆ ಕೋಣೆಯಲ್ಲಿರಲಿ. ಅದೇ ತೂಕದ ನಕಲಿ ಪಿಸ್ತೂಲು ಸಿಕ್ಕರೆ ಇನ್ನೂ ಒಳ್ಳೆಯದು. ಕಟ್ಟಿಕೊಂಡು ಕನ್ನಡಿ ಮುಂದೆ ನಿಂತು, ಹಿಡಿ ಮೊಣಕೈಗೆ ಎಲ್ಲಿ ತಾಗುತ್ತದೆ ಅಂತ ಗುರುತು ಮಾಡಿಕೊಳ್ಳಿ. ಆಮೇಲೆ ಕೂತು ಏಳಿ, ಕುಕ್ಕರುಗಾಲಲ್ಲಿ ಕೂರಿ, ಬಗ್ಗಿ ಏನಾದರೂ ಎತ್ತಿಕೊಳ್ಳಿ, ಮೆಟ್ಟಿಲು ಓಡಿ, ಕಾರಿನ ಸೀಟ್ ಬೆಲ್ಟ್ ಹಾಕಿ ಬಿಚ್ಚಿ. ಒಂದು ಗಂಟೆ ಆದ ಮೇಲೆ ಮತ್ತೆ ಕನ್ನಡಿ ಮುಂದೆ ಬನ್ನಿ. ಹಿಡಿ ಅದೇ ಜಾಗದಲ್ಲಿದೆಯಾ? ಖಾಲಿ ಹೋಲ್ಸ್ಟರನ್ನು ಕೈಯಲ್ಲಿ ಹಿಡಿದು ಜೋರಾಗಿ ಮೇಲಕ್ಕೆಳೆಯಿರಿ. ಪ್ಯಾಂಟೇ ಮೇಲೆ ಬರಬೇಕು, ಹೋಲ್ಸ್ಟರ್ ಜಾರಬಾರದು. ಇಷ್ಟು ಆದ ಮೇಲೆ ನಿಧಾನವಾಗಿ ಇಪ್ಪತ್ತು ಸಲ ಎಳೆದು ಮತ್ತೆ ಇಡಿ. ಇಡುವಾಗ ಅವಸರ ಬೇಡ, ಅಂಗಿಯ ಚುಂಗು ಒಳಗೆ ಸಿಕ್ಕಿಕೊಂಡಿಲ್ಲ ಅಂತ ನೋಡಿಯೇ ಇಡಿ.

ಶೌಚಾಲಯದ ವಿಷಯ ಯಾರೂ ಹೇಳಿಕೊಡುವುದಿಲ್ಲ, ನಾನು ಹೇಳುತ್ತೇನೆ. ಬಕಲ್ ಬಿಚ್ಚಿದ ಕೂಡಲೇ ಪಿಸ್ತೂಲಿನ ತೂಕಕ್ಕೆ ಆ ಕಡೆಯ ಬೆಲ್ಟ್ ಮಗುಚಿಕೊಳ್ಳುತ್ತದೆ. ಒಂದು ಕೈಯಲ್ಲಿ ಹೋಲ್ಸ್ಟರ್ ಸಮೇತ ಹಿಡಿದುಕೊಂಡು ಪ್ಯಾಂಟು ಇಳಿಸಿ, ಮೊಣಕಾಲ ಮೇಲೆ ಬಕಲ್ ಮತ್ತೆ ಹಾಕಿಬಿಡಿ. ಬೆಲ್ಟ್ ಬಿಗಿಯಾಗಿದ್ದರೆ ಹೋಲ್ಸ್ಟರ್ ನೆಟ್ಟಗೆ ನಿಲ್ಲುತ್ತದೆ. ಪಿಸ್ತೂಲನ್ನು ತೆಗೆದು ಮೊಳೆಗೆ ನೇತು ಹಾಕುವುದು, ತೊಟ್ಟಿಯ ಮೇಲೆ ಇಡುವುದು ಯಾವ ಕಾರಣಕ್ಕೂ ಬೇಡ. ಮರೆತು ಬಿಟ್ಟು ಬಂದವರು ಇದ್ದಾರೆ. ಒಂದು ಕೈಯಲ್ಲಿ ಸುಲಭವಾಗಿ ಹಾಕಿ ಬಿಚ್ಚಲು ಆಗುವ ಬಕಲನ್ನೇ ಆರಿಸಿ ಅಂತ ನಾನು ಹೇಳುವುದು ಇದಕ್ಕೇ.

ಚರ್ಮದ ಬೆಲ್ಟ್ ಒದ್ದೆಯಾದರೆ ಒರೆಸಿ ನೆರಳಲ್ಲಿ ಒಣಗಿಸಿ. ಬಿಸಿಲಿಗೆ, ಹೀಟರಿಗೆ ಹಿಡಿಯಬೇಡಿ. ಹೊಳಪು ಬರಲಿ ಅಂತ ಸುಮ್ನೆ ಎಣ್ಣೆ ಹಚ್ಚಬೇಡಿ, ಎಣ್ಣೆ ಚರ್ಮವನ್ನು ಮೆತ್ತಗೆ ಮಾಡುತ್ತದೆ, ನಾವು ಕಾಸು ಕೊಟ್ಟಿದ್ದು ಬಿಗಿಗೆ. ಸುತ್ತಿಡದೆ ಬಕಲಿನಿಂದ ನೇತು ಹಾಕಿ. ಹೊಸ ಬೆಲ್ಟ್ ಮೊದಲ ಎರಡು ಮೂರು ವಾರ ಮೈಗೆ ಒತ್ತುತ್ತದೆ, ಅಷ್ಟಕ್ಕೇ ಹೆದರಿ ಬಿಚ್ಚಿಡಬೇಡಿ.

ಪ್ರತಿ ತಿಂಗಳ ಮೊದಲ ದಿನ ನಾನು ನನ್ನ ಬೆಲ್ಟನ್ನು ಮತ್ತೆ ತಿರುಚಿ ನೋಡುತ್ತೇನೆ. ಈಗಿನದಕ್ಕೆ ಐದು ವರ್ಷ. ಹೋಲ್ಸ್ಟರ್ ಕೂರುವ ಜಾಗದಲ್ಲಿ ಅಡ್ಡಕ್ಕೆ ಒಂದು ಸಣ್ಣ ಸುಕ್ಕು ಬಿದ್ದಿದೆ, ನಾನು ಹಾಕುವ ತೂತು ಮೊಟ್ಟೆಯಾಕಾರಕ್ಕೆ ಎಳೆದುಕೊಂಡಿದೆ. ಈ ತಿಂಗಳು ತಿರುಚಿದಾಗ ಕೈಗೆ ಸ್ವಲ್ಪ ಸುಲಭವಾಗಿಯೇ ಬಂತು. ಅದರ ಬದಲಿಗೆ ತಂದ ಹೊಸ ಬೆಲ್ಟನ್ನು ವಾರದಿಂದ ಸಂಜೆ ಮನೆಯಲ್ಲಿ ನಕಲಿ ಪಿಸ್ತೂಲು ಹಾಕಿಕೊಂಡು ಪಳಗಿಸುತ್ತಿದ್ದೇನೆ. ಇನ್ನೂ ಎಡ ಸೊಂಟಕ್ಕೆ ಒತ್ತುತ್ತಿದೆ. ಬಹುಶಃ ಮುಂದಿನ ತಿಂಗಳು ಕೆಲಸಕ್ಕೆ ಕಟ್ಟಿಕೊಂಡು ಹೋಗಬಹುದು.